‘ಸೂಪರ್’ ಎಂದದ್ದು ಸಾಕು, ಚಿತ್ರದಲ್ಲಿ ಕಂಡದ್ದನ್ನು ಹೇಳಿ

ಮಡಿಕೇರಿಯಲ್ಲಿ ನಾನು ನಡೆಸುವ ಭಾನುವಾರದ ಫೋಟೊಗ್ರಫಿ ತರಗತಿಗೆ ಹುಡುಗನೊಬ್ಬ ಜನವರಿಯಲ್ಲಿ ಕಾಫಿ ಕಣದ ಚಿತ್ರ ತಂದಿದ್ದ. ಎಳೆಬಿಸಿಲು, ಒಣಗಲು ಹರವಿದ ರೋಬಸ್ಟಾ ಹಣ್ಣು, ಹಲಗೆ ಹಿಡಿದು ಅದನ್ನು ಎಳೆಯುತ್ತಿರುವ ಅಜ್ಜ. ‘ಸೂಪರ್’ ಎಂದು ಎಲ್ಲರೂ ಹೊಗಳಿದರು. ಹುಡುಗನಿಗೆ ಖುಷಿಯಾಯಿತು, ಕಲಿಯಲು ಏನೂ ಸಿಗಲಿಲ್ಲ. ಆಗ ಹಿಂದೆ ಕೂತಿದ್ದ ಅಕ್ಕ ಒಬ್ಬರು, ‘ನನ್ನ ಕಣ್ಣು ಮೊದಲು ಹೋಗಿದ್ದು ಬಲಮೂಲೆಯ ನೀಲಿ ಟಾರ್ಪಾಲಿನ ಕಡೆಗೆ, ಅಜ್ಜ ಆಮೇಲೆ ಕಂಡರು’ ಎಂದರು. ನಾನು ಆ ಮೂಲೆಗೆ ಕೈ ಅಡ್ಡ ಹಿಡಿದೆ. ಅಜ್ಜ ಎದ್ದು ಕಂಡರು.

ನಿಮ್ಮ ಗುಂಪಿನಲ್ಲೂ ಹೀಗೇ ಶುರುಮಾಡಿ. ಚಿತ್ರ ಹಾಕಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು, ತೆಗೆದವರಂತೂ ಬಾಯಿ ಬಿಡಲೇಬಾರದು. ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಕುಲುಕಿಕೊಂಡು ಹೋಗಿದ್ದು, ಜಿಗಣೆ ಕಚ್ಚಿದ್ದು ಚಿತ್ರದೊಳಗೆ ಬಂದಿರುವುದಿಲ್ಲ. ನೋಡಿದವರು ಕಣ್ಣು ಮೊದಲು ಎಲ್ಲಿ ನಿಂತಿತು, ಅಲ್ಲಿಂದ ಎಲ್ಲಿಗೆ ಜಾರಿತು ಎಂದಷ್ಟೇ ಹೇಳಲಿ.

ಆಮೇಲೆ ತೆಗೆದವರನ್ನು ಕೇಳಿ: ಏನು ತೋರಿಸಬೇಕೆಂದಿದ್ದಿರಿ? ಈ ಪ್ರಶ್ನೆ ಬಿಟ್ಟರೆ ನಮ್ಮ ರುಚಿಯನ್ನು ಅವರ ಮೇಲೆ ಹೇರಿದಂತಾಗುತ್ತದೆ. ಅಬ್ಬಿ ಜಲಪಾತದ ನೀರು ಹಾಲಿನ ಹಾಗೆ ಕಂಡರೆ, ಶಟರನ್ನು ಕಾಲು ಸೆಕೆಂಡು ತೆರೆದಿಟ್ಟದ್ದು ಬೇಕೆಂದೇ ಇರಬಹುದು. 1/500 ಸೆಕೆಂಡಿನಲ್ಲಿ ಹನಿ ಬಿಡಿಬಿಡಿಯಾಗಿ ಕಾಣುವುದು ನಿಮಗಿಷ್ಟ ಎಂದ ಮಾತ್ರಕ್ಕೆ ಅವರದ್ದು ತಪ್ಪಾಗುವುದಿಲ್ಲ.

ಸಲಹೆ ಕೊಡುವಾಗ ಮುಂದಿನ ಸಲ ಕೈ ಏನು ಮಾಡಬೇಕೆಂದು ಹೇಳಿ. ಮಂಜಿನ ಚಿತ್ರಕ್ಕೆ ‘ಡಲ್ ಆಗಿದೆ’ ಎಂದರೆ ಪ್ರಯೋಜನವಿಲ್ಲ. ಎಲ್ಲೆಲ್ಲೂ ಬೆಳ್ಳಗಿದ್ದಾಗ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ. ‘ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ ನೋಡಿ’ ಎನ್ನಿ, ಅಂದರೆ ಒಳಗೆ ಬಿಡುವ ಬೆಳಕು ಎರಡರಷ್ಟಾಗಲಿ. ಒಂದು ಚಿತ್ರಕ್ಕೆ ಇಂಥ ಒಂದು ಸಲಹೆ ಸಾಕು, ಹೆಚ್ಚೆಂದರೆ ಎರಡು.

ಮಾತು ಚಿತ್ರದ ಬಗ್ಗೆ ಇರಲಿ, ತೆಗೆದವರ ಯೋಗ್ಯತೆಯ ಬಗ್ಗೆ ಬೇಡ. ನಾನು ಕಲಿಯುವಾಗ ಹಿರಿಯರೊಬ್ಬರು ‘ಇದೂ ಒಂದು ಫೋಟೊನಾ?’ ಎಂದಿದ್ದರು. ಕ್ಯಾಮೆರಾ ಬೀರು ಸೇರಿತು. ಮಳೆಗಾಲ ಮುಗಿದು ತೆಗೆದು ನೋಡಿದರೆ ಲೆನ್ಸಿನೊಳಗೆ ಬೂಸ್ಟು. ಅದು ಈಗಲೂ ನೋಯುತ್ತದೆ.

ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ‘ಟಾರ್ಪಾಲು ಮೊದಲೇ ಅಲ್ಲಿತ್ತು ಸರ್, ಏನು ಮಾಡಲಿ’ ಎಂದು ಆ ಹುಡುಗನೂ ವಾದಕ್ಕಿಳಿದ. ಪೆನ್ನು ಕೊಟ್ಟು ಬರೆದುಕೋ ಎಂದೆ. ಅರ್ಥವಾಗದಿದ್ದರೆ ‘ಯಾವ ಜಾಗದಲ್ಲಿ?’ ಎಂದು ಕೇಳಿ, ಸಮರ್ಥನೆಗೆ ಹೋಗಬೇಡಿ. ಮೂವರು ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲೇನೋ ಇದೆ. ಒಬ್ಬರೇ ಹೇಳಿದ್ದನ್ನು ಮೂಲೆಗೆ ಕೈ ಅಡ್ಡ ಹಿಡಿದ ಹಾಗೆ ಪರೀಕ್ಷಿಸಿ ನೋಡಿ, ಒಪ್ಪಿಗೆಯಾಗದಿದ್ದರೆ ಬಿಡಿ. ಎರಡು ದಿನ ಬಿಟ್ಟು, ಸಾಧ್ಯವಾದರೆ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗಿ ಮತ್ತೆ ತೆಗೆಯಿರಿ.

ಹುಡುಗ ಮುಂದಿನ ಭಾನುವಾರ ಬಂದ. ಎರಡು ಹೆಜ್ಜೆ ಎಡಕ್ಕೆ ಸರಿದು, ಕಣದಲ್ಲಿ ಮೊಣಕಾಲೂರಿ ತೆಗೆದಿದ್ದ. ಟಾರ್ಪಾಲು ಇರಲಿಲ್ಲ. ಅಜ್ಜನ ಹಲಗೆಯ ಅಂಚಿಗೆ ಮೆತ್ತಿಕೊಂಡಿದ್ದ ಒಂದೆರಡು ಹಣ್ಣೂ ಕಾಣುತ್ತಿತ್ತು.