ಸೂಜಿ ತಾಗದ ಕಾಲು: ನನ್ನ ಕ್ರೋಶೆ ಗಿಡ್ಡ ದನ

ಮೊನ್ನೆ ನಮ್ಮ ಮನೆಯಿಂದ ಅರುವತ್ತನೆಯ ದನ ಹೊರಟಿತು. ಕ್ರೋಶೆಯಲ್ಲಿ, ಅಂದರೆ ಹುಕ್ ಅನ್ನುವ ಕೊಕ್ಕೆ ಕಡ್ಡಿಯಿಂದ ನೂಲು ಹೆಣೆದು, ನಾನು ಮಾಡಿದ ಗೊಂಬೆ ದನ. ಅಬುಧಾಬಿಗೆ ಹೋಗುವ ಒಂದು ಮಗುವಿನ ಬ್ಯಾಗಿನಲ್ಲಿ. ಕೊಡುವ ಮೊದಲು ಚಾವಡಿಯ ನೆಲದ ಮೇಲೆ ನಿಲ್ಲಿಸಿ ನೋಡಿದೆ. ನಾಲ್ಕೂ ಕಾಲು ನೆಲಕ್ಕೆ ಸರಿಯಾಗಿ ಕೂತಿತ್ತು. ಬೆನ್ನನ್ನು ಬೆರಳಿನಿಂದ ಒತ್ತಿದರೆ ಒಂಚೂರು ತಗ್ಗಿ ಮತ್ತೆ ಎದ್ದು ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಇದು ಆಗುವ ಕೆಲಸ ಅಲ್ಲ ಅಂತ ನಮ್ಮ ಕ್ರೋಶೆ ಬಳಗದ ಐದಾರು ಜನ ಹೇಳಿದ್ದರು. "ನಾಲ್ಕು ಕಾಲಿನ ಗೊಂಬೆ ನಿಲ್ಲಬೇಕಾದರೆ ತಂತಿ ಹಾಕಬೇಕು. ಕಾಲು ಬೇರೆ ಮಾಡಿ ಹೊಲಿಯಲೇಬೇಕು. ಒಟ್ಟಿಗೆ ಹೆಣೆದರೆ ಹೊಟ್ಟೆ ಜೋತು ಬೀಳ್ತದೆ." ನಾನು ತಂತಿ ಹಾಕುವುದಿಲ್ಲ, ಕಾಲು ಹೊಲಿಯುವುದೂ ಇಲ್ಲ. ಹೇಗೆ ಮಾಡ್ತೀರಿ ಅಂತ ಈಗ ಅದೇ ಬಳಗದವರು ಕೇಳುತ್ತಿದ್ದಾರೆ. ಮ್ಯಾಜಿಕ್ ರಿಂಗ್ (ಶುರು ಮಾಡುವ ನೂಲಿನ ಬಳೆ), ಇಂಕ್ರೀಸ್, ಡಿಕ್ರೀಸ್ (ಸ್ಟಿಚ್ ಹೆಚ್ಚಿಸುವುದು, ಕಡಿಮೆ ಮಾಡುವುದು) ಎಲ್ಲ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಟ್ಟಿಯಲ್ಲಿ ಎರಡು ಕಾಸರಗೋಡು ಗಿಡ್ಡ ದನ ಉಂಟು, ನಮ್ಮ ಕಡೆಯ ಕುಳ್ಳ ತಳಿ. ನಾನು ಮಾಡುವುದು ಅದನ್ನೇ. ಪೇಟೆಯಲ್ಲಿ ಸಿಗುವ ಗೊಂಬೆ ದನ ಎಲ್ಲ ಕಪ್ಪು ಬಿಳಿ ಮಚ್ಚೆಯ ವಿದೇಶಿ ದನ. ನಮ್ಮ ಊರಿನ ಮಕ್ಕಳು ದನ ಅಂದರೆ ಅದೇ ಅಂದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಮಾರಾಟಕ್ಕೆ ಇಟ್ಟಾಗ ಎಷ್ಟೋ ಜನ "ಇದು ವೆಚ್ಚೂರು ಅಲ್ವಾ?" ಅಂತ ಕೇಳುತ್ತಾರೆ. ವೆಚ್ಚೂರು ಇನ್ನೊಂದು ಕುಳ್ಳ ತಳಿ, ಕೋಟ್ಟಯಂ ಜಿಲ್ಲೆಯ ವೈಕಂ ಕಡೆಯದು. ನಮ್ಮದು ಈ ಗುಡ್ಡೆಯ ಹುಲ್ಲು ಮೇಯ್ದು ಬೆಳೆದದ್ದು. ಪ್ರತಿ ಸಲವೂ ನಿಂತು ಇದನ್ನು ಹೇಳಿಯೇ ಕಳಿಸುತ್ತೇನೆ.

ಮೊದಲು ಎಲ್ಲರ ಹಾಗೆ ನಾನೂ ಕಾಲು ಹೊಲಿಯುತ್ತಿದ್ದೆ. ಒಂದು ದನಕ್ಕೆ ನಾಲ್ಕು ಕಾಲು ಹೊಲಿಯಲು ಒಂದು ಗಂಟೆ ಬೇಕು. ಅಷ್ಟು ಮಾಡಿದರೂ ಒಂದು ಕಾಲು ಅರ್ಧ ಸ್ಟಿಚ್ ಆಚೆ ಹೋದರೆ ದನ ಓರೆ. ಒಂದು ಉಪನಯನದ ಮನೆಯವರು ಮಕ್ಕಳಿಗೆ ಕೊಡಲು ಎಂಟು ದನ ಕೇಳಿದ್ದರು. ತಲಾ 300 ರೂಪಾಯಿ ಮಾತು. ಅದರಲ್ಲಿ ಮೂರು ಮೇಜಿನ ಮೇಲೆ ನಿಲ್ಲದೆ ಪಕ್ಕಕ್ಕೆ ಬಿದ್ದವು. ಒಂದರ ಕಾಲನ್ನು ಅಲ್ಲೇ ಒಬ್ಬ ಹುಡುಗ ಕಿತ್ತ. ನಾಲ್ಕರ ಹಣ ನಾನೇ ಬೇಡ ಅಂದೆ. 1200 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ, ಆ ಹುಡುಗ ಕಿತ್ತ ಕಾಲನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ್ದು ಬಹಳ ದಿನ ಮನಸ್ಸಿನಿಂದ ಹೋಗಲಿಲ್ಲ.

ಆಮೇಲೆ ತಂತಿ. ಕಾಲಿನೊಳಗೆ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ್ದು) ಬಗ್ಗಿಸಿ ಹಾಕಿದೆ. ಮೇ ತಿಂಗಳಲ್ಲಿ ಚೆನ್ನಾಗಿಯೇ ನಿಂತಿತು. ನಮ್ಮ ಮಳೆಗಾಲ ಗೊತ್ತಲ್ಲ, ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಾಗ ಕಪಾಟಿನ ಬಟ್ಟೆಯೂ ಬೂಸರು ಹಿಡಿಯುತ್ತದೆ. ಜುಲೈಯಲ್ಲಿ ಒಂದು ಬಿಳಿ ದನ ಕೈಗೆತ್ತಿಕೊಂಡರೆ ಗೊರಸಿನ ಮೇಲೆ ಕಂದು ಕಲೆ. ತುಕ್ಕು ಒಳಗಿಂದ ನೂಲಿಗೆ ಇಳಿದಿತ್ತು. ತೊಳೆದರೂ ಹೋಗಲಿಲ್ಲ. ಐದು ದನ ಬಿಚ್ಚಿ ಹಾಕಿದೆ. ಮಕ್ಕಳು ಬಾಯಿಗೆ ಹಾಕುವ ವಸ್ತುವಿನಲ್ಲಿ ತಂತಿ ಇರಲೇಬಾರದು ಅನ್ನುವುದು ಈಗ ನನ್ನ ಗಟ್ಟಿ ನಿರ್ಧಾರ. ಪ್ಲಾಸ್ಟಿಕ್ ಸುತ್ತಿದ ತಂತಿಯೂ ಬೇಡ.

ಗೊರಸು ಸಪಾಟಾಗಿ ಕೂರಬೇಕಾದರೆ ಅಡಿಯಲ್ಲಿ ಗಟ್ಟಿ ಬಿಲ್ಲೆ ಬೇಕು. ಅದಕ್ಕೆ ಅಡಿಕೆ ಹಾಳೆಯನ್ನು ದುಂಡಗೆ ಕತ್ತರಿಸಿ ಹಾಕಿದೆ. ತೋಟದಲ್ಲೇ ಬೇಕಾದಷ್ಟು ಬಿದ್ದಿರುತ್ತದೆ, ಖರ್ಚಿಲ್ಲ. ಒಣಗಿದಾಗ ಬಹಳ ಚೆಂದ. ಒಂದು ಸಲ ತೊಳೆದ ಮೇಲೆ ಮೆತ್ತಗಾಯಿತು, ಒಂದು ವಾರದಲ್ಲಿ ಬೂಸರಿನ ವಾಸನೆ ಬಂತು. ಈಗ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸುತ್ತೇನೆ. ಅಂಚನ್ನು ಉಗುರು ಉಜ್ಜುವ ಫೈಲಿನಲ್ಲಿ ಉಜ್ಜಬೇಕು, ಇಲ್ಲದಿದ್ದರೆ ನೂಲು ಹರಿಯುತ್ತದೆ. ಒಂದು ಮುಚ್ಚಳದಲ್ಲಿ ಸುಮಾರು ಐದು ದನದ ಬಿಲ್ಲೆ ಆಗುತ್ತದೆ.

ಈಗ ಕಾಲಿನ ವಿಷಯ. ನೂಲು 4 ಪ್ಲೈ ಮಿಲ್ಕ್ ಕಾಟನ್ (ಹತ್ತಿ ಬೆರೆತ ಮೆತ್ತನೆಯ ನೂಲು), ಹುಕ್ 2.5 ಎಂ.ಎಂ. ಅಕ್ರಿಲಿಕ್‌ನಲ್ಲಿ ಇದನ್ನು ಮಾಡಬೇಡಿ, ಎಳೆದಷ್ಟು ಎಳೆಯುತ್ತದೆ. ನೂಲನ್ನು ಹುಕ್ಕಿನ ಮೇಲಿಂದ ಸುತ್ತದೆ ಕೆಳಗಿಂದ ಎಳೆದುಕೊಳ್ಳಿ. ಸ್ಟಿಚ್ ವಿ ಆಕಾರದ ಬದಲು ಎಕ್ಸ್ ಆಕಾರಕ್ಕೆ ಬರುತ್ತದೆ. ಬಿಗಿ ಜಾಸ್ತಿ, ಸುತ್ತು ಹೋದ ಹಾಗೆ ಸ್ಟಿಚ್ ಪಕ್ಕಕ್ಕೆ ಓಡುವುದು ಕಡಿಮೆ. ಕಾಲು ಜೋಡಿಸುವಾಗ ಲೆಕ್ಕ ತಪ್ಪದೆ ಇರಬೇಕಾದರೆ ಇದು ಬೇಕೇ ಬೇಕು. ನನ್ನ ಮೊದಲಿನ ದನಗಳು ಓರೆಯಾದದ್ದಕ್ಕೆ ಅರ್ಧ ಕಾರಣ ಇದೇ ಅಂತ ಆಮೇಲೆ ಗೊತ್ತಾಯಿತು.

ಗೊರಸು ಕಪ್ಪು ನೂಲಿನಲ್ಲಿ. ರಿಂಗ್‌ನಲ್ಲಿ 6 ಸ್ಟಿಚ್, ಎರಡನೇ ಸುತ್ತಿಗೆ 12. ಮೂರನೇ ಸುತ್ತು ಪ್ರತಿ ಸ್ಟಿಚ್ಚಿನ ಎರಡು ಎಳೆಯಲ್ಲಿ ಹಿಂದಿನ ಎಳೆಗೆ (ಲೂಪಿಗೆ) ಮಾತ್ರ, ಆಗ ಅಂಚು ಮಡಚಿ ನಿಲ್ಲುತ್ತದೆ. ಆಮೇಲೆ ಮೈಬಣ್ಣದಲ್ಲಿ 12 ರಂತೆ ಇನ್ನೊಂದು ಐದು ಸುತ್ತು. ಬಿಲ್ಲೆ ಹಾಕಿ, ಫೈಬರ್ (ದಿಂಬಿಗೆ ತುಂಬುವಂಥ ಕೃತಕ ನಾರು) ತುಂಬಿ. ನೀವು ಸಾಕು ಅಂದುಕೊಂಡ ಮೇಲೆ ಅಷ್ಟೇ ಇನ್ನೊಂದು ಸಲ ತುಂಬಿ. ಹೆಬ್ಬೆರಳಿನಿಂದ ಒತ್ತಿದರೆ ಹಲಸಿನ ಬೇಳೆಯ ಹಾಗೆ ಗಟ್ಟಿ ಸಿಗಬೇಕು. ಜೋಡಿಸಿದ ಮೇಲೆ ತುಂಬೋಣ ಅಂದರೆ ಆಗುವುದಿಲ್ಲ, ಕಡ್ಡಿ ಅಷ್ಟು ಕೆಳಗೆ ಹೋಗಿ ಒತ್ತುವುದಿಲ್ಲ.

ನಾಲ್ಕನ್ನೂ ಜೋಡಿಸುವುದು ಚೈನ್‌ನಿಂದ, ಅಂದರೆ ಹುಕ್ಕಿನಲ್ಲಿ ಒಂದರ ಹಿಂದೆ ಒಂದು ಹಾಕುವ ಕುಣಿಕೆಗಳ ಸರದಿಂದ. ಮುಂಗಾಲು ಎರಡರ ನಡುವೆ 3 ಚೈನ್, ಮುಂಗಾಲಿನಿಂದ ಹಿಂಗಾಲಿಗೆ 8, ಹಿಂಗಾಲು ಎರಡರ ನಡುವೆ 3, ತಿರುಗಿ ಮುಂದಕ್ಕೆ 8. ಪ್ರತಿ ಕಾಲಿನ ಹೊರಬದಿಯ 7 ಸ್ಟಿಚ್ ಮಾತ್ರ ಹೆಣೆದು ಮುಂದೆ ಹೋಗಬೇಕು. ಒಟ್ಟು 50 ಬರುತ್ತದೆ. ಒಳಬದಿಯ ಐದೈದು ಸ್ಟಿಚ್ ಹೊಟ್ಟೆಯ ಕಿಂಡಿಗೆ ಉಳಿಯುತ್ತದೆ. ಆ ಕಿಂಡಿಗೆ 8 ಚೈನ್‌ನ ಅಡಿಯಿಂದಲೇ ಪಟ್ಟಿ ಎತ್ತಿ ಐದೋ ಆರೋ ಸಾಲು ಹೆಣೆಯುತ್ತೇನೆ. ಸಾಲಿನ ಕೊನೆಯಲ್ಲಿ ಕಾಲಿನ ಸ್ಟಿಚ್ ಹಿಡಿದುಕೊಂಡು ಹೋಗಿ ಆಚೆ ಬದಿಗೆ ಸ್ಲಿಪ್ ಸ್ಟಿಚ್‌ನಲ್ಲಿ (ಎತ್ತರವೇ ಇಲ್ಲದ ಗಿಡ್ಡ ಸ್ಟಿಚ್) ಸೇರಿಸುವುದು. ಸೂಜಿ ಬೇಡ.

ಹೇಳಲಿಕ್ಕೆ ಇಷ್ಟೇ. ಇದು ಸರಿಯಾಗಲು ನನಗೆ ಹತ್ತಿರ ಹತ್ತಿರ ಎಂಟು ತಿಂಗಳು ಹಿಡಿಯಿತು. ಮೊದಲನೆಯದಕ್ಕೆ ಪಕ್ಕದಲ್ಲಿ 12 ಚೈನ್ ಹಾಕಿದ್ದೆ. ದನ ಬೆಂಚಿನ ಹಾಗೆ ಉದ್ದ ಆಯಿತು, ನಡು ಬಾಗಿತು. 6 ಹಾಕಿದಾಗ ಕಾಲುಗಳು ಒಂದಕ್ಕೊಂದು ಒತ್ತಿ ಆಗ ತಾನೇ ಹುಟ್ಟಿದ ಕರುವಿನ ಹಾಗೆ ಹೊರಕ್ಕೆ ಜಾರಿದವು. 8 ಕ್ಕೆ ಬಂದಾಗ ಮುಂಗಾಲು ಸರಿ, ಹಿಂಗಾಲು ಮಾತ್ರ ಒಳಕ್ಕೆ. ಹಟ್ಟಿಗೆ ಹೋಗಿ ನಮ್ಮ ದನ ಕೆಂಪಿಯ ಹಿಂದೆ ಕೂತು ಅರ್ಧ ಗಂಟೆ ನೋಡಿದೆ. ದನದ ಹಿಂಗಾಲು ಮುಂಗಾಲಿನ ಹಾಗೆ ನೆಟ್ಟಗೆ ಇರುವುದಿಲ್ಲ. ಹಾಗಾಗಿ ಹಿಂಗಾಲಿನಲ್ಲಿ ಚೈನ್ ಯಾವ ಸ್ಟಿಚ್‌ನಿಂದ ಶುರುವಾಗಬೇಕು ಅನ್ನುವುದು ಬೇರೆ. ಅದು ಎಷ್ಟನೆಯದು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಎಂಟು ತಿಂಗಳಿನ ಬೆಲೆ ಇರುವುದು ಅದಕ್ಕೇ. ನಿಮ್ಮ ಕೈಯ ಬಿಗಿಗೆ ಅದು ಬದಲಾಗಲೂಬಹುದು, ನಾಲ್ಕು ಸಲ ಮಾಡಿದರೆ ಸಿಗುತ್ತದೆ.

ಮೈ ಒಂಬತ್ತೋ ಹತ್ತೋ ಸುತ್ತು ಸುಮ್ನೆ 50 ರಂತೆ. ಆಮೇಲೆ ಬೆನ್ನಿನ ಎರಡೂ ಬದಿ ಕಡಿಮೆ ಮಾಡುತ್ತಾ ಬಂದು, ಕೊನೆಗೆ ಎರಡೂ ಅಂಚು ಸೇರಿಸಿ ಸಿಂಗಲ್ ಕ್ರೋಶೆ (ಸಾದಾ ಸ್ಟಿಚ್) ಹಾಕಿ ಮುಚ್ಚುತ್ತೇನೆ. ಬೆನ್ನುಮೂಳೆಯ ಗೆರೆ ತಾನಾಗಿ ಬರುತ್ತದೆ. ತುಂಬುವಾಗ ಮೊದಲು ಭುಜ, ಆಮೇಲೆ ಹಿಂಭಾಗ, ಹೊಟ್ಟೆ ಕೊನೆಗೆ. ಹೊಟ್ಟೆ ಮೊದಲು ತುಂಬಿದರೆ ಬಳಗದವರು ಹೇಳಿದ ಹಾಗೆ ಜೋತು ಬೀಳುವುದು ಖಂಡಿತ.

ಫೈಬರಿನ ಬದಲು ಬೂರುಗದ ಹತ್ತಿ ಹಾಕಿಯೂ ನೋಡಿದೆ. ಅಜ್ಜಿಯ ಕಾಲದ ದಿಂಬು ಒಂದು ಇತ್ತು. ಹಗುರ, ಮುಟ್ಟಲು ರೇಷ್ಮೆಯ ಹಾಗೆ, ನಮ್ಮ ಊರಿನದೇ ವಸ್ತು. ಆದರೆ ಅದರ ಎಳೆ ಸ್ಟಿಚ್‌ಗಳ ಸಂದಿನಿಂದ ಹೊರಬರುತ್ತದೆ. ದನದ ಮೈಯೆಲ್ಲ ಬೆಳ್ಳಗೆ ರೋಮ ಬಂದ ಹಾಗೆ ಆಯಿತು. ನನಗೆ ಎರಡು ದಿನ ಸೀನು. ಒಳಗೆ ತೆಳು ಬಟ್ಟೆಯ ಚೀಲ ಮಾಡಿದರೆ ಆಗಬಹುದು, ಆದರೆ ಕಾಲಿನೊಳಗೆ ಚೀಲ ಹೋಗುವುದಿಲ್ಲ. ಬಿಟ್ಟೆ.

ತಲೆಯನ್ನು ಮಾತ್ರ ಇವತ್ತಿಗೂ ಹೊಲಿಯುತ್ತೇನೆ. ತಲೆ ಒಂಚೂರು ಓರೆ ಇದ್ದರೇ ದನಕ್ಕೆ ಜೀವ ಬರುವುದು, ಅದು ಕೈಯಲ್ಲಿ ಹಿಡಿದು ನೋಡಿಯೇ ಆಗಬೇಕು. ಕೊಂಬು ಚಿಕ್ಕದು, ಮೂರೇ ಸ್ಟಿಚ್‌ನ ಸುತ್ತು. ಗಂಗೆದೊಗಲಿಗೆ ಕುತ್ತಿಗೆಯ ಅಡಿಯಲ್ಲಿ ಸ್ಟಿಚ್ ಎತ್ತಿ ಮೂರು ಸಾಲು ಹೆಣೆದು ಸಡಿಲ ಬಿಡುತ್ತೇನೆ. ಎತ್ತಿಕೊಂಡ ಮಗು ಮೊದಲು ಹಿಡಿಯುವುದು ಅದನ್ನೇ. ನಮ್ಮ ಮನೆಯ ಮಕ್ಕಳೂ ಕೆಂಪಿಯ ಗಂಗೆದೊಗಲನ್ನೇ ತುರಿಸುವುದು. ತೀರಾ ಚಿಕ್ಕ ಮಕ್ಕಳಿಗೆ ಕೊಡುವುದಾದರೆ ಸೇಫ್ಟಿ ಕಣ್ಣು (ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣು) ಹಾಕುವುದಿಲ್ಲ, ಕಪ್ಪು ನೂಲಿನಲ್ಲಿ ಕಸೂತಿ.

ನಡುವೆ ಒಂದು ಮೊಸಳೆಯನ್ನೂ ಮಾಡಿದೆ. ಕುಂಬಳೆಯ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022 ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನಮ್ಮ ಕಡೆ ಬೇಸರಪಡದ ಮನೆ ಇರಲಿಲ್ಲ. ನೆಂಟರ ಮಗಳೊಬ್ಬಳು ಬಬಿಯಾ ಬೇಕು ಅಂತ ಕೇಳಿದಳು. ಪೊರೆಯ ಹಾಗೆ ಕಾಣುವ ಕ್ರೊಕೊಡೈಲ್ ಸ್ಟಿಚ್ ಅಂತಲೇ ಒಂದು ಇದೆಯಲ್ಲ, ಅದನ್ನು ಹಾಕಿದರೆ ಅಷ್ಟು ಚಿಕ್ಕ ಗೊಂಬೆಗೆ ತೀರಾ ದಪ್ಪ. ಬೆನ್ನಿಗೆ ಸಾಲಾಗಿ ಬಾಬಲ್ (ಗುಳ್ಳೆಯ ಹಾಗೆ ಉಬ್ಬುವ ಸ್ಟಿಚ್) ಹಾಕಿದಾಗ ಸರಿಯಾಯಿತು. ಪಕ್ಕದಲ್ಲಿ ಇಡಲು ಬಬಿಯಾ ತಿನ್ನುತ್ತಿದ್ದ ನೈವೇದ್ಯದ ಅನ್ನದ ಉಂಡೆಯನ್ನೂ ಬಿಳಿ ನೂಲಿನಲ್ಲಿ ಮಾಡಿ ಕೊಟ್ಟೆ. ಮುಂದಿನ ವರ್ಷ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಂಡಾಗ ಇನ್ನೂ ಏಳೆಂಟು ಹೋಯಿತು. ಮೊಸಳೆಗೆ ನಿಲ್ಲುವ ತೊಂದರೆ ಇಲ್ಲ, ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಹಣದ ಲೆಕ್ಕ ಎಲ್ಲರೂ ಕೇಳುತ್ತಾರೆ. 50 ಗ್ರಾಮಿನ ಉಂಡೆ ನನಗೆ 95 ರೂಪಾಯಿಯ ಆಸುಪಾಸು ಬೀಳುತ್ತದೆ. ನಾಲ್ಕು ಇಂಚು ಎತ್ತರದ ದನಕ್ಕೆ 30 ಗ್ರಾಂ ಸಾಕು. ಫೈಬರ್, ಕಣ್ಣು ಎಲ್ಲ ಸೇರಿ 75 ರೂಪಾಯಿ ಅಂತ ಇಟ್ಟುಕೊಳ್ಳಿ. ಬೇಕಾದ ಕೆಂಪು ಬಣ್ಣ ಇಲ್ಲಿ ಸಿಗುವುದಿಲ್ಲ, ಕುಂಬಳೆಯಿಂದ ರೈಲಿನಲ್ಲಿ ಮಂಗಳೂರಿಗೆ ಹೋಗಿ ಹತ್ತು ಉಂಡೆ ಒಟ್ಟಿಗೆ ತರುತ್ತೇನೆ. ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತು) ನೋಡಿ ತನ್ನಿ. ಒಮ್ಮೆ ನೋಡದೆ ತಂದು, ಒಂದೇ ದನದ ಕಾಲು ಒಂದು ಬಣ್ಣ, ಮೈ ಇನ್ನೊಂದು ಬಣ್ಣ ಆಗಿತ್ತು. ಮೊದಲು ಒಂದು ದನಕ್ಕೆ ಆರು ಗಂಟೆ ಬೇಕಿತ್ತು, ಈಗ ನಾಲ್ಕೂವರೆ. ಬೆಲೆ 450. ಕಡಿಮೆ ಮಾಡಿ ಅಂದರೆ ಮಾಡುವುದಿಲ್ಲ. ಓಣಂ ಹೊತ್ತಿನ ಮಾರಾಟ ಮೇಳದಲ್ಲಿ ಎರಡು ದಿನದಲ್ಲಿ ಹದಿನಾಲ್ಕು ಹೋದದ್ದು ಇದುವರೆಗಿನ ದೊಡ್ಡ ವ್ಯಾಪಾರ.

ಒಂದು ಅಂಗಡಿಯವರು ಇಪ್ಪತ್ತು ಬೇಕು, ಆದರೆ ಐಎಸ್‌ಐ ಗುರುತು ಬೇಕು ಅಂದರು. 2021 ರಿಂದ ಆಟಿಕೆಗಳಿಗೆ ಅದು ಕಡ್ಡಾಯ ನಿಜ. ಆದರೆ ಕೇಂದ್ರದ ಕರಕುಶಲ ಇಲಾಖೆಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಗೊಂಬೆಗೆ ವಿನಾಯಿತಿ ಉಂಟು. ಮಾರಾಟಕ್ಕೆ ಇಳಿಯುವವರು ಆ ನೋಂದಣಿಯ ಕಾರ್ಡನ್ನು ಮೊದಲು ಮಾಡಿಸಿ. ನಾನು ತಡ ಮಾಡಿದ್ದರಿಂದ ಆ ಇಪ್ಪತ್ತು ದನದ ಆರ್ಡರ್ ಕೈತಪ್ಪಿತು.

ಈಗ ಹುಕ್ಕಿನಲ್ಲಿ ಇರುವುದು ಎಮ್ಮೆ. ಕಾಲು ಅದೇ ಲೆಕ್ಕ, ಪಕ್ಕದ ಚೈನ್ 9. ನಿಂತಿದೆ. ಕೊಂಬು ಹಿಂದಕ್ಕೆ ಬಾಗಿ ಸುತ್ತಬೇಕು, ತಂತಿ ಹಾಕುವುದಿಲ್ಲ ಅಂತ ಹೇಳಿದ್ದೇನಲ್ಲ. ಒಳಬದಿಯಲ್ಲಿ ಸ್ಲಿಪ್ ಸ್ಟಿಚ್, ಹೊರಬದಿಯಲ್ಲಿ ಡಬಲ್ ಕ್ರೋಶೆ (ಎತ್ತರದ ಸ್ಟಿಚ್) ಹಾಕಿ ಬಗ್ಗಿಸುತ್ತಿದ್ದೇನೆ. ಎಡದ್ದು ಬಂದಿದೆ. ಬಲದ್ದನ್ನು ನಿನ್ನೆ ರಾತ್ರಿ ಮೂರನೇ ಸಲ ಬಿಚ್ಚಿದೆ.