ನಸುಕಿನ ಕಡಲು ಕಪ್ಪು-ಬಿಳುಪಿನಲ್ಲಿ: ನೀಲಿ ಚಾನೆಲ್ ನಂಬಿ ಗೆದ್ದ ನನ್ನ ಅನುಭವ

ಕಡಲಿನ ಚಿತ್ರವನ್ನು ಕಪ್ಪು-ಬಿಳುಪಿಗೆ ತರುವಾಗ ನೀಲಿ ಚಾನೆಲ್ (ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂದು ಬೇರೆ ಬೇರೆ ದಾಖಲಿಸುವ ಮೂರು ಪದರಗಳಲ್ಲಿ ಒಂದು) ಮುಟ್ಟಬಾರದು, ಅದರ ತುಂಬ ನಾಯ್ಸ್, ಅಂದರೆ ಕಾಳುಕಾಳಾದ ಕಲೆ, ಇರುತ್ತದೆ ಎಂದು ನನಗೆ ಬುದ್ಧಿ ಹೇಳದ ಮಿತ್ರರಿಲ್ಲ. ಸೂರ್ಯೋದಯಕ್ಕೆ ಮುಂಚಿನ ಬೆಳಕಿಗೆ ಆ ಮಾತು ಸಲ್ಲುವುದಿಲ್ಲ ಎಂಬುದನ್ನು ಈಗ ಪ್ರಿಂಟ್ ಮುಂದಿಟ್ಟು ಹೇಳಬಲ್ಲೆ. ಅಂದು ಸಂದೇಹಪಟ್ಟವರೇ ಇಂದು ಸೆಟ್ಟಿಂಗ್ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬಣ್ಣವನ್ನು ಸೊನ್ನೆಗಿಳಿಸುವ ದಾರಿ ಮೊದಲೇ ಸೋತಿತು. ದಿಗಂತದ ಕಿತ್ತಳೆಯೂ ಅದರ ಮೇಲಿನ ನೀಲಿಯೂ ಒಂದೇ ಬೂದಾಗಿ ಕೂತವು. ಕೆಂಪು ಫಿಲ್ಟರ್‌ನ ಪ್ರಿಸೆಟ್ (ಸಾಫ್ಟ್‌ವೇರ್‌ನಲ್ಲಿರುವ ಸಿದ್ಧ ಸೆಟ್ಟಿಂಗ್) ಹಾಕಿದಾಗ ಆಕಾಶಕ್ಕೆ ಗಾಂಭೀರ್ಯ ಬಂತಾದರೂ ನೆರಳುಗಳು ಕಲೆಕಲೆಯಾದವು. ಆ ಹೊತ್ತಿನ ಬೆಳಕು ಬಹುಪಾಲು ನೀಲಿ. ಸೆನ್ಸರ್‌ನ ಕೆಂಪಿಗೆ ಸಿಗುವುದೇ ಅತ್ಯಲ್ಪ, ಅದನ್ನು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣಲು ಬಣ್ಣಗಳನ್ನು ಸರಿತೂಗಿಸುವ ಹೊಂದಾಣಿಕೆ) ಹಿಗ್ಗಿಸಿದಾಗ ನಾಯ್ಸ್ ಕೂಡ ಹಿಗ್ಗುತ್ತದೆ. ನಂಬದವರು ಒದ್ದೆ ಬಂಡೆಯ ನೆರಳನ್ನು ಶೇ. 100 ಝೂಮ್‌ನಲ್ಲಿ, ಒಂದೊಂದೇ ಚಾನೆಲ್‌ನಲ್ಲಿ ನೋಡಲಿ: ಕೆಂಪಿನಲ್ಲಿ ಮರಳು ಎರಚಿದಂತಿರುತ್ತದೆ, ನೀಲಿಯಲ್ಲಿ ಬಂಡೆಗೆ ಅಂಟಿದ ಚಿಪ್ಪುಗಳ ಅಂಚು ಕೂಡ ಉಳಿದಿರುತ್ತದೆ.

ನಾನು ಒಂದೇ ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ದಾಖಲೆಯನ್ನು) ಎರಡು ಸಲ ತೆರೆಯುತ್ತೇನೆ. ಕಡಲಿಗಾಗಿ ತೆರೆದದ್ದರಲ್ಲಿ ವೈಟ್ ಬ್ಯಾಲೆನ್ಸ್ ಸುಮಾರು 4500 ಕೆಲ್ವಿನ್. ನೀಲಿ ನೀಲಿಯಾಗಿಯೇ ಉಳಿಯಬೇಕು. ಯಾವ ಚಾನೆಲ್ ಶೇಕಡ ಎಷ್ಟು ಸೇರಬೇಕೆಂದು ಗೊತ್ತುಮಾಡುವ ಮಿಕ್ಸರ್‌ನಲ್ಲಿ ಕೆಂಪು 10ರ ಆಸುಪಾಸು, ಹಸಿರು 40, ಉಳಿದದ್ದೆಲ್ಲ ನೀಲಿ; ಮೊತ್ತ ನೂರು ದಾಟಿದರೆ ನೊರೆಯ ವಿವರ ಅಳಿಸಿಹೋಗುತ್ತದೆ. ಗಾಳಿಯಲ್ಲಿನ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುವುದರಿಂದ ಮಬ್ಬು ಇದರಲ್ಲಿ ದಟ್ಟವಾಗಿ, ಒಂದರ ಹಿಂದೊಂದು ನಿಂತ ಗುಡ್ಡಗಳು ದೂರವಾದಷ್ಟೂ ತಿಳಿಯಾಗುತ್ತ ಬರುತ್ತವೆ. ಕೆಂಪು ಫಿಲ್ಟರ್ ಕಳೆಯುವುದು ಇದೇ ಆಳವನ್ನು. ಆಕಾಶಕ್ಕಾಗಿ ತೆರೆದದ್ದರಲ್ಲಿ ಕೆಂಪು 60, ಹಸಿರು 40. ದಿಗಂತ ಕೆಂಪೇರಿದ ಕೆಲವು ನಿಮಿಷಗಳಲ್ಲಿ ಅಲ್ಲಿ ಕೆಂಪು ಚಾನೆಲ್‌ಗೂ ಸಾಕಷ್ಟು ಬೆಳಕು ಸಿಕ್ಕಿರುತ್ತದೆ. ಎರಡನ್ನೂ ಲೇಯರ್ ಮಾಡಿ (ಒಂದರ ಮೇಲೊಂದು ಪದರವಾಗಿಟ್ಟು), ಹೊಳಪಿಗೆ ತಕ್ಕಂತೆ ಒಂದು ಪದರವನ್ನು ತೋರಿಸುವ ಅಥವಾ ಮರೆಮಾಡುವ ಲ್ಯೂಮಿನಾಸಿಟಿ ಮಾಸ್ಕ್‌ನಿಂದ ದಿಗಂತದಲ್ಲಿ ಬೆಸೆಯುತ್ತೇನೆ. ಆ ಮಾಸ್ಕ್‌ಗೆ ಹಾಕುವ ಕರ್ವ್‌ನ (ಹೊಳಪನ್ನು ಏರಿಳಿಸುವ ರೇಖೆಯ) ಆಕಾರ ಸದ್ಯಕ್ಕೆ ನನ್ನಲ್ಲೇ ಇರಲಿ, ಅದಕ್ಕೆ ತಿಂಗಳುಗಟ್ಟಲೆ ದುಡಿದಿದ್ದೇನೆ. ಇಷ್ಟಂತೂ ಹೇಳುತ್ತೇನೆ: ಒದ್ದೆ ಮರಳಿನ ಪ್ರತಿಬಿಂಬ ಆಕಾಶಕ್ಕಿಂತ ಬೆಳ್ಳಗಾದರೆ ಚಿತ್ರ ಸುಳ್ಳೆನಿಸುತ್ತದೆ, ಕೆಳಗಿನ ಲೇಯರನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟಾಗುವ ಇಲ್ಲವೇ ಅರ್ಧವಾಗುವ ಹಂತ) ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಣ ಹೆಚ್ಚು ಸೋರಿದ್ದು ಎರಡು ಕಡೆ. ಮೊದಲನೆಯದು ಹತ್ತು ಸ್ಟಾಪ್‌ನ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸ್‌ಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು. ಅರ್ಧ ಸೆಕೆಂಡಿನ ಎಕ್ಸ್‌ಪೋಷರ್ ಅದರಿಂದ ಎಂಟೂವರೆ ನಿಮಿಷಕ್ಕೇರುತ್ತದೆ. ಅಷ್ಟರಲ್ಲಿ ಬೆಳಕೇ ಬೇರೆಯಾಗಿರುತ್ತದೆ, ಸೆನ್ಸರ್ ಕಾದು ಚುಕ್ಕೆಗಳೂ ಏಳುತ್ತವೆ. ಆರು ಸ್ಟಾಪ್‌ನದು ಸುಮಾರು 32 ಸೆಕೆಂಡು ಕೊಡುತ್ತದೆ, ನಸುಕಿಗೆ ಅದು ಧಾರಾಳವಾಯಿತು. ಎರಡನೆಯದು ಪ್ರಿಂಟ್. ಪರದೆಯ ಮೇಲೆ ಆಳವಾಗಿ ಕಂಡ ಕಪ್ಪು ಮ್ಯಾಟ್ ಕಾಗದದಲ್ಲಿ ಮಸುಕಾಗಿ, ದೊಡ್ಡ ಅಳತೆಯ ಹಾಳೆಗಳೂ ಇಂಕೂ ಲೆಕ್ಕವಿಲ್ಲದಷ್ಟು ವ್ಯರ್ಥವಾದವು. ಈಗ ಬಂಡೆ, ನೊರೆ, ದಿಗಂತ ಮೂರೂ ಸೇರುವ ಕಿರಿದಾದ ಪಟ್ಟಿಯೊಂದನ್ನಷ್ಟೇ ಮೊದಲು ಪ್ರಿಂಟ್ ತೆಗೆದು ನೋಡುತ್ತೇನೆ. ಲೆನ್ಸ್‌ಗೆ ಹಾಕಿದ್ದಕ್ಕಿಂತ ಕಾಗದಕ್ಕೆ ಹೆಚ್ಚು ಸುರಿಯುವುದು ಅಲ್ಲಿಗೆ ನಿಂತಿತು. ಆಕಾಶದ ಛಾಯೆಗಳು ಮೆಟ್ಟಿಲುಮೆಟ್ಟಿಲಾಗಿ ಒಡೆದು ಕಾಣದಿರಲು ಕೆಲಸವೆಲ್ಲ ಹೆಚ್ಚು ಛಾಯೆಗಳನ್ನು ಹಿಡಿದಿಡುವ 16 ಬಿಟ್‌ನಲ್ಲೇ ನಡೆಯಬೇಕು, ಕೊನೆಗೆ ತುಸು ಗ್ರೇನ್ (ಫಿಲ್ಮಿನಂಥ ಸಣ್ಣ ಕಾಳು) ಸೇರಿಸಬೇಕು.

ನಡುವೆ, ಕೆಂಪು ಕಾಣದ ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ನ ರೀತಿಯಲ್ಲಿ ಕೆಂಪನ್ನು ಪೂರ್ತಿ ಸೊನ್ನೆ ಮಾಡಿ ನೋಡಿದೆ. ದಿಗಂತದ ಕಿತ್ತಳೆ ಪಟ್ಟಿ ಕಡುಬೂದಾಗಿ, ಮೇಲಿನ ಆಕಾಶ ಹೊಳೆಯತೊಡಗಿತು; ಮೂಡುವ ಬೆಳಕು ತಿರುವುಮುರುವಾದರೂ ಆ ಚಿತ್ರ ನನಗೆ ಬಹಳ ಹಿಡಿಸಿತು. ಮೋಡ ಮುಚ್ಚಿದ ದಿನ ಅದನ್ನೇ ಮಾಡಿದರೆ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ.

ಸೂರ್ಯ ನೀರು ಬಿಟ್ಟು ಮೇಲೆದ್ದ ಮೇಲೆ ಈ ವಿಧಾನವನ್ನು ಬಳಸಬೇಡಿ. ಆಗ ಬಿಸಿಲಿನ ದಾರಿಯುದ್ದಕ್ಕೂ ಮೊದಲು ಸುಟ್ಟುಹೋಗುವುದು ಕೆಂಪು ಚಾನೆಲ್. ಮೂರು ಬಣ್ಣಗಳ ಹಿಸ್ಟೋಗ್ರಾಮ್ (ಹೊಳಪಿನ ಹಂಚಿಕೆ ತೋರಿಸುವ ನಕ್ಷೆ) ಬೇರೆ ಬೇರೆ ನೋಡಿ, ಎಕ್ಸ್‌ಪೋಷರ್ ಇಳಿಸಿ, ಹಸಿರನ್ನೇ ಮುಂದಿಟ್ಟುಕೊಂಡು ಮಿಕ್ಸ್ ಮಾಡಿ.