ಅಂಬಾಸಿಡರ್ ಹೀಟ್ ಆಗೋದು ಸಿಗ್ನಲ್‌ನಲ್ಲೋ, ಘಾಟಿಯಲ್ಲೋ?

ಹಳೆಯ ಕಾರು ಹೀಟ್ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ನಿಂತಾಗ ಹೀಟ್ ಆಗುತ್ತದೋ, ಓಡುವಾಗಲೋ? ಸಿಗ್ನಲ್‌ನಲ್ಲಿ ಟೆಂಪರೇಚರ್ ಮುಳ್ಳು ಏರಿ, ರಸ್ತೆ ಸಿಕ್ಕ ಕೂಡಲೇ ಇಳಿದರೆ ಗಾಳಿ ಸಾಲುತ್ತಿಲ್ಲ. ಹೈವೇಯಲ್ಲಿ, ಘಾಟಿ ಹತ್ತುವಾಗ ಏರಿದರೆ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಎಂಜಿನ್ನೇ ಜಾಸ್ತಿ ಶಾಖ ಹುಟ್ಟಿಸುತ್ತಿದೆ. ಇದನ್ನು ಕೇಳದೆ ಸೀದಾ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಕೊಂಡು ಬರುವವರೇ ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಎದುರುಗಾಳಿಯೇ ಧಾರಾಳ. ಅಲ್ಲಿ ಫ್ಯಾನ್ ಏನು ಮಾಡೀತು?

ನನ್ನದು 1977ರ ಮಾರ್ಕ್ 3 ಅಂಬಾಸಿಡರ್. 1489 ಸಿಸಿ ಪೆಟ್ರೋಲ್ ಎಂಜಿನ್. ಕೈಗೆ ಬಂದಾಗ ಎರಡೂ ಕಾಯಿಲೆ ಇದ್ದವು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕುದಿಯುತ್ತಿತ್ತು, ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿ ಹತ್ತುವಾಗಲೂ ಕುದಿಯುತ್ತಿತ್ತು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ಹಿಡಿದೆ. ಘಾಟಿಯದು ಮೊದಲು. ನೀರಿನ ದಾರಿ ಸರಿಯಿಲ್ಲದೆ ಎಂಥ ಫ್ಯಾನ್ ಹಾಕಿದರೂ ದಂಡ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ (ಎಂಜಿನ್ನಿನ ಬಿಸಿನೀರನ್ನು ಗಾಳಿಗೆ ತಣಿಸುವ ಭಾಗ) ಕ್ಯಾಪ್ ತೆಗೆದು, ಸ್ಟಾರ್ಟ್ ಮಾಡಿ ನೀರನ್ನು ನೋಡುತ್ತಾ ನಿಂತೆ. ಬಿಡದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹಾಳೆ) ಮೇಲೆ ಅನುಮಾನ ಪಡಬೇಕು. ಪುಣ್ಯಕ್ಕೆ ಗುಳ್ಳೆ ಇರಲಿಲ್ಲ. ಆಮೇಲೆ ಎಂಜಿನ್ ಬಿಸಿ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿನ ಮೈಯೆಲ್ಲ ನೋಡಿದೆ. ಮಧ್ಯೆ ಬಿಸಿ, ಒಂದು ಪಕ್ಕಕ್ಕೆ ಅಗಲವಾದ ಪಟ್ಟಿ ತಣ್ಣಗೆ. ಅಷ್ಟು ಕೊಳವೆಗಳಲ್ಲಿ ನೀರೇ ಹರಿಯುತ್ತಿರಲಿಲ್ಲ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರ್ ಅದು. ಒಳಗೆ ಸುಣ್ಣ ಕಟ್ಟಿತ್ತು.

ಇಂಥದ್ದಕ್ಕೆ ಪುಡಿ ಹಾಕಿ ತೊಳೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ತೆರೆದಿರುವ ಕೊಳವೆ ಇನ್ನಷ್ಟು ಸ್ವಚ್ಛವಾಗುತ್ತದೆ, ಮುಚ್ಚಿರುವುದು ಹಾಗೇ ಉಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ತಾಮ್ರ-ಹಿತ್ತಾಳೆ ರೇಡಿಯೇಟರ್ ಗೊತ್ತಿರುವ ಹಳೆಯ ಕೆಲಸಗಾರರು ಈಗಲೂ ಸಿಗುತ್ತಾರೆ. ರೇಡಿಯೇಟರಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಪ್ರತಿ ಕೊಳವೆಗೂ ಸಲಾಕೆ ಹಾಕಿ ಕೆರೆಯುತ್ತಾರೆ. ನನ್ನ ರೇಡಿಯೇಟರಿನ ಕೆಳಭಾಗದ ಫಿನ್‌ಗಳು (ಕೊಳವೆಗಳ ನಡುವಿನ ತೆಳು ತಗಡು) ಬೆರಳು ತಾಗಿದರೆ ಉದುರುತ್ತಿದ್ದವು. ಹಾಗಾಗಿ ಕೊಳವೆ-ಫಿನ್‌ಗಳಿರುವ ಕೋರ್ ಅನ್ನೇ ಹೊಸದು ಮಾಡಿಸಿದೆ. ಹಳೆಯ ಟ್ಯಾಂಕ್‌ಗಳನ್ನೇ ಉಳಿಸಿಕೊಂಡಿದ್ದರಿಂದ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ರೇಡಿಯೇಟರ್ ಹೊರಗಿರುವಾಗಲೇ ಸಿಲಿಂಡರ್‌ಗಳಿರುವ ಎಂಜಿನ್ ಬ್ಲಾಕ್ ತೊಳೆಯುವುದು ಜಾಣತನ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಈ ಎಂಜಿನ್ನಿನ ಬ್ಲಾಕಿಗೆ ಹಿಂಬದಿಯಲ್ಲಿ ನೀರು ಬಸಿಯುವ ನಲ್ಲಿ ಇದೆ. ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ನಲ್ಲಿಯನ್ನೇ ಬಿಚ್ಚಿ ತಂತಿ ತೂರಿಸಿದೆ. ಕೆಂಪು ಕೆಸರು ಇಳಿಯಿತು, ಆಮೇಲೆ ತುಕ್ಕಿನ ಚಕ್ಕೆಗಳು. ಹಿಂದಿನ ಸಿಲಿಂಡರಿನ ಸುತ್ತ ಇದೆಲ್ಲ ಕೂತರೆ ಅಲ್ಲಿ ತಂಪಾಗುವುದಾದರೂ ಹೇಗೆ? ವಾಟರ್ ಪಂಪ್ ಬಿಚ್ಚಿ, ಮೇಲಿನಿಂದಲೂ ಕೆಳಗಿನಿಂದಲೂ ಪೈಪಿಟ್ಟು ತಿಳಿನೀರು ಬರುವವರೆಗೂ ತೊಳೆದೆ. ಬೇಸರದ ಕೆಲಸ, ಆದರೆ ಖರ್ಚಿಲ್ಲ.

ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ ಇತ್ತು. 'ನಮ್ಮ ಊರಿಗೆ ಅದು ಬೇಡ ಸಾರ್, ಕಿತ್ತು ಬಿಸಾಕಿ' ಅನ್ನುವ ಮಾತು ಯಾವ ಗ್ಯಾರೇಜಿಗೆ ಹೋದರೂ ಕೇಳಿಸುತ್ತದೆ. ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. 82 ಡಿಗ್ರಿಯದನ್ನು ತಂದೆ. ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಟ್ಟು ಕಾಯಿಸಿ, ತೆರೆಯುತ್ತದೋ ಇಲ್ಲವೋ ನೋಡಿಕೊಂಡೆ. ಹೊಸದಾದರೂ ಸುಮ್ನೆ ನಂಬಬಾರದು.

ಕ್ಯಾಪ್ ಕೂಡ ಬದಲಾಯಿತು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿಯುವ ಕ್ಯಾಪ್ ಇದನ್ನು 10 ಡಿಗ್ರಿಗೂ ಹೆಚ್ಚು ಮೇಲೆತ್ತುತ್ತದೆ. ಕ್ಯಾಪಿನ ರಬ್ಬರ್ ಒಣಗಿದ್ದರೆ ಆ ಲಾಭವೆಲ್ಲ ಹೋಯಿತು. ಹಾಗಂತ ಹಳೆಯ ರೇಡಿಯೇಟರಿಗೆ ಈಗಿನ ಕಾರುಗಳ ಭಾರಿ ಒತ್ತಡದ ಕ್ಯಾಪ್ ಹಾಕಿದರೆ ಬೆಸುಗೆಯೇ ಬಿಟ್ಟುಕೊಳ್ಳಬಹುದು. ಕಾರಿಗೆ ಹೇಳಿದ್ದನ್ನೇ ಹಾಕಬೇಕು.

ಶಿರಾಡಿಯ ಸಮಸ್ಯೆಯಲ್ಲಿ ಇನ್ನೊಂದು ಪಾಲು ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನದು. ಅದರೊಳಗೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಪಾಯಿಂಟ್ ಸವೆದು ಗ್ಯಾಪ್ ಕಿರಿದಾಗಿತ್ತು. ಅದರಿಂದ ಟೈಮಿಂಗ್, ಅಂದರೆ ಕಿಡಿ ಹೊಡೆಯುವ ಹೊತ್ತು, ಹಿಂದೆ ಬಿದ್ದಿತ್ತು. ಕಿಡಿ ತಡವಾದರೆ ಶಕ್ತಿ ಇಳಿಯುತ್ತದೆ, ಶಾಖ ಏರುತ್ತದೆ. ಹೊಸ ಪಾಯಿಂಟ್ ಹಾಕಿ, 0.015 ಇಂಚಿಗೆ ಗ್ಯಾಪ್ ಇಟ್ಟು, ಆಮೇಲೆ ಟೈಮಿಂಗ್ ಹೊಂದಿಸಿದೆ. ಈ ಕ್ರಮ ಮುಖ್ಯ. ಗ್ಯಾಪ್ ಬದಲಾದರೆ ಟೈಮಿಂಗ್ ತಾನಾಗೇ ಬದಲಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಘಾಟಿಯನ್ನು ಒಂದೇ ಸಮನೆ ಹತ್ತಿತು, ಏಪ್ರಿಲ್ ಬಿಸಿಲಿನಲ್ಲೂ.

ಉಳಿದದ್ದು ಟ್ರಾಫಿಕ್. ಕಂಪನಿಯ ಫ್ಯಾನ್ ವಾಟರ್ ಪಂಪಿನ ಪುಲ್ಲಿ ಮೇಲೆಯೇ ಕೂತಿದೆ, ಬೆಲ್ಟಿನಿಂದ ತಿರುಗುತ್ತದೆ. ಎಂಜಿನ್ ಸ್ಲೋನಲ್ಲಿದ್ದರೆ ಅದೂ ಸ್ಲೋ. ಈ ಕಾರು ಮಾಡಿದ ಕಾಲದಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಇಂದಿನ ಅವಸ್ಥೆಯನ್ನು ಯಾರೂ ಊಹಿಸಿರಲಿಲ್ಲ, ಅಲ್ವಾ? ಬೆಲ್ಟ್ ಬಿಗಿ ಮಾಡಿದೆ. ರೇಡಿಯೇಟರಿನ ಅಕ್ಕಪಕ್ಕದ ಸಂದುಗಳಿಗೆ ರಬ್ಬರ್ ಪಟ್ಟಿ ಕೊಟ್ಟೆ. ಗಾಳಿ ಸುತ್ತಿ ಹೋಗದೆ ಫಿನ್‌ಗಳ ಮೂಲಕವೇ ನುಗ್ಗಲಿ ಎಂದು. ಸುಧಾರಿಸಿತು, ಸಾಲಲಿಲ್ಲ. ಆಗ ಎಲೆಕ್ಟ್ರಿಕ್ ಫ್ಯಾನಿಗೆ ಮನಸ್ಸು ಮಾಡಿದೆ.

ಮಾರುತಿ 800ರ ಫ್ಯಾನ್ ಎಲ್ಲರ ಆಯ್ಕೆ. ಅಗ್ಗ, ಎಲ್ಲೆಡೆ ಸಿಗುತ್ತದೆ. ಹಳೆಯ ಫ್ಯಾನ್ ತೆಗೆದು, ಇದನ್ನು ಅದರ ಜಾಗದಲ್ಲಿ, ಅಂದರೆ ರೇಡಿಯೇಟರಿನ ಹಿಂದೆ ಗಾಳಿ ಎಳೆಯುವಂತೆ ಕೂರಿಸಿದೆ. ಮುಂದೆ ಕೂರಿಸಿದರೆ ಗಾಳಿ ತಳ್ಳಬೇಕಾಗುತ್ತದೆ. ಆಗ ಬರೀ ಮೋಟರಿನ ವೈರ್ ಅದಲುಬದಲು ಮಾಡಿದರೆ ಸಾಲದು. ರೆಕ್ಕೆಯ ಬಾಗು ಉಲ್ಟಾ ಆಗಿ ಅರ್ಧ ಗಾಳಿಯೂ ಬರುವುದಿಲ್ಲ. ಪರೀಕ್ಷೆ ಸುಲಭ: ಫ್ಯಾನ್ ಓಡುವಾಗ ಗ್ರಿಲ್ ಬಳಿ ಒಂದು ಕಾಗದ ಹಿಡಿಯಿರಿ. ಒಳಕ್ಕೆ ಎಳೆದುಕೊಂಡು ಅಂಟಬೇಕು. ರೇಡಿಯೇಟರಿನ ಪೂರ್ತಿ ಅಗಲ ಮುಚ್ಚುವಂತೆ ತಗಡಿನ ಗೂಡೊಂದನ್ನು ಮಾಡಿಸಿ ಫ್ಯಾನನ್ನು ಅದರಲ್ಲಿ ಕೂರಿಸಿದೆ. ಫ್ಯಾನಿಗಿಂತ ಹೆಚ್ಚು ಉಪಕಾರ ಮಾಡಿದ್ದು ಈ ಗೂಡೇ ಎಂದು ನನಗನ್ನಿಸುತ್ತದೆ.

ಕರೆಂಟಿನ ಲೆಕ್ಕ ಮೊದಲೇ ಮಾಡಿಕೊಳ್ಳಬೇಕು. ಇಂಥ ಫ್ಯಾನ್ 8-10 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೋ ಪೂರ್ತಿ ವೇಗದಲ್ಲಿ ಕೊಡುವುದೇ 20ರ ಆಸುಪಾಸು, ಸ್ಲೋನಲ್ಲಿ ಹೆಚ್ಚೂಕಮ್ಮಿ ಏನೂ ಇಲ್ಲ. ಫ್ಯಾನ್ ಬೇಕಾಗುವುದೋ ಸ್ಲೋನಲ್ಲಿ! ರಾತ್ರಿ ಹೆಡ್‌ಲೈಟೂ ಸೇರಿದರೆ ಬ್ಯಾಟರಿ ಮನೆ ಸೇರುವುದರೊಳಗೆ ಮಲಗುತ್ತದೆ. ನನ್ನ ಗಾಡಿಗೆ ಹಿಂದಿನ ಮಾಲೀಕರೇ ಸ್ಲೋನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿದ್ದರು. ಡೈನಮೋ ಇರುವವರು ಮೊದಲು ಅದನ್ನು ಬದಲಿಸಲಿ, ಆಮೇಲೆ ಫ್ಯಾನ್.

ವೈರಿಂಗ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಮೂಲಕವೇ ಆಗಬೇಕು. ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30 ನಂಬರಿನ ಪಿನ್‌ಗೆ, 87ರಿಂದ ಫ್ಯಾನಿಗೆ. 86ಕ್ಕೆ ಇಗ್ನಿಷನ್ ಲೈನ್, 85 ಥರ್ಮೋ ಸ್ವಿಚ್ (ನೀರು ಬಿಸಿಯಾದರೆ ತಾನೇ ಆನ್ ಆಗುವುದು) ಮೂಲಕ ಅರ್ತ್‌ಗೆ. ಸ್ವಿಚ್ ಕೂರಲು ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಹಿತ್ತಾಳೆ ನಟ್ ಬೆಸೆಸಿದ್ದೆ. ಅದು ಸುಮಾರು 92 ಡಿಗ್ರಿಗೆ ಆನ್ ಆಗುತ್ತದೆ. ಥರ್ಮೋಸ್ಟಾಟ್ ತೆರೆಯುವ ಮಟ್ಟಕ್ಕಿಂತ ಇದು ಮೇಲಿರಬೇಕು, ಇಲ್ಲದಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕೈಯಲ್ಲಿ ಹಾಕುವ ಸ್ವಿಚ್ ಕೂಡ ಇಟ್ಟಿದ್ದೇನೆ, ಥರ್ಮೋ ಸ್ವಿಚ್ ಕೈಕೊಟ್ಟರೆ ಇರಲಿ ಎಂದು.

ಈಗ ಒಳಗಿರುವುದು ಡಿಸ್ಟಿಲ್ಡ್ ವಾಟರ್ ಮತ್ತು ಹಳೆಯ ನಮೂನೆಯ ಹಸಿರು ಕೂಲಂಟ್. ಬೋರ್‌ವೆಲ್ ನೀರು ಹತ್ತಿರವೂ ಸುಳಿಯುವುದಿಲ್ಲ. ಹೋಸ್‌ಗಳನ್ನು ಆಗಾಗ ಹಿಸುಕಿ ನೋಡುತ್ತೇನೆ. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಪಂಪಿನ ಎಳೆತಕ್ಕೆ ಹೈವೇಯಲ್ಲಿ ಚಪ್ಪಟೆಯಾಗಿ ನೀರನ್ನೇ ತಡೆಯುತ್ತದೆ. ಗಾಡಿ ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಮತ್ತೆ ಉಬ್ಬಿರುತ್ತದೆ. ಹಾಗಾಗಿ ಇದನ್ನು ಪತ್ತೆ ಮಾಡಬೇಕಾದರೆ ಒಬ್ಬರು ಆಕ್ಸಿಲರೇಟರ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೋಸನ್ನು ನೋಡಬೇಕು.